ಬ್ರೇವ್ಲಿ ಎಂಬ ಪದವೂ ಸದ್ದು ಮಾಡುವ ಡಬ್ಬಿಯೂ

ದಸರಾ ರಜೆಗೆಂದು ಮಗಳಿಗೆ ಕೊಟ್ಟಿದ್ದ ವರ್ಕ್‌ಶೀಟಿನಲ್ಲಿ, 'ಬ್ರೇವ್ಲಿ' ಎಂಬ ಇಂಗ್ಲಿಷ್ ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಿ ಎಂದಿತ್ತು. ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಪಳಗಿದ ನನ್ನ ನಾಲಿಗೆ, ಯೋಚನೆಗೆ ಅವಕಾಶವನ್ನೇ ಕೊಡದೆ, 'ದ ಸೋಲ್ಜರ್ ಫಾಟ್ ಬ್ರೇವ್ಲಿ' ಎಂದು ಒಪ್ಪಿಸಿಬಿಟ್ಟಿತು. ನನ್ನ ಬಾಲ್ಯದಲ್ಲೂ ಇದೇ ಸಿಪಾಯಿ. ಪಾಪ, ಇನ್ನೂ ಹೋರಾಡುತ್ತಲೇ ಇದ್ದಾನೆ.

"ಸ್ವಂತ ವಾಕ್ಯ ಅಂದಿದಾರಮ್ಮ. ನೀನು ಯಾವ ಸೋಲ್ಜರ್‌ನ ನೋಡಿದ್ಯ?" ಎಂದಳು ಮಗಳು.

ಆಕ್ಷೇಪಣೆ ನ್ಯಾಯವಾದದ್ದೇ. ಹುಣಸೂರಿನ ನಮ್ಮ ಅಡುಗೆಮನೆಯಲ್ಲಿ ನಿಂತು ನನ್ನ ಸಾಹಸಗಳನ್ನೆಲ್ಲ ಜಾಲಾಡಿದೆ: ಅತ್ತೆಯವರ ಎದುರಲ್ಲೇ ಸಾರಿಗೆ ಬೆಲ್ಲ ಹಾಕದೆ ಇಳಿಸಿದ್ದು, ಜಿರಲೆಯನ್ನು ಪೊರಕೆ ಹಿಡಿದು ಎದುರಿಸಿದ್ದು. ಎರಡನೆಯದರಲ್ಲಿ ಗೆದ್ದದ್ದು ಜಿರಲೆ.

ಅಷ್ಟರಲ್ಲಿ ಹತ್ತು ಗಂಟೆಯಾಗಿತ್ತು. ಪಾತ್ರೆಗಳು ಸಿಂಕಿನಲ್ಲೇ ಇದ್ದವು, ಕೆಂಪಮ್ಮನ ಸುಳಿವಿಲ್ಲ. ನಮ್ಮ ಮನೆಗೆಲಸಕ್ಕೆ ಅವರು ಹನಗೋಡಿನ ಆಚೆಯ ಕಾಡಂಚಿನ ಹಳ್ಳಿಯಿಂದ ಬರುತ್ತಾರೆ. ಬಸ್ಸಿಗೆ ಎರಡು ಮೈಲಿ ನಡಿಗೆ. ಅವರಿಗಿಂತ ಮೊದಲು ಅವರ ಊಟದ ಡಬ್ಬಿಯ ಸದ್ದು ಗೇಟು ದಾಟುತ್ತಿತ್ತು: ಸಡಿಲ ಮುಚ್ಚಳದ ಹಳೆಯ ಅಲ್ಯೂಮಿನಿಯಂ ಡಬ್ಬಿ, ಒಳಗೊಂದು ಚಮಚ. ವರ್ಷಗಟ್ಟಲೆ ಆ ಲೊಟಲೊಟ ಸಹಿಸಿ ಸಾಕಾಗಿ, ಹಿಂದಿನ ದಿನವಷ್ಟೇ, ಹಬ್ಬದ ನೆವದಲ್ಲಿ, ನಾಲ್ಕು ಕ್ಲಿಪ್ಪಿನ ಹೊಸ ಸ್ಟೀಲ್ ಡಬ್ಬಿಯನ್ನು ಉಡುಗೊರೆಯಾಗಿ ಕೊಟ್ಟಿದ್ದೆ. ಪರಮ ಮೌನಿ ಅದು.

ಕೆಂಪಮ್ಮ ಬಂದಾಗ ಹನ್ನೊಂದು. ಬಂದವರೇ ಜಗಲಿಯಲ್ಲಿ ಕುಳಿತು ನೀರು ಕೇಳಿದರು. ಅರ್ಧ ಲೋಟ ಕುಡಿದು ಮಾತು ಶುರುಮಾಡಿದರು.

"ಡಬ್ಬಿ ಚೆನ್ನಾಗದೆ ಕಣವ್ವ, ತಪ್ಪು ತಿಳ್ಕೋಬ್ಯಾಡಿ. ಆದ್ರೆ ಅದು ಸದ್ದೇ ಮಾಡಾಕಿಲ್ಲ. ತಿರುವಿನತ್ರ ರಾಗಿ ವಲದಲ್ಲಿ ಒಂಟಿ ಆನೆ ನಿಂತಿತ್ತು. ನಾನು ಬತ್ತಿರದು ಅದ್ಕೆ ಗೊತ್ತಿಲ್ಲ, ಅದು ನಿಂತಿರದು ನಂಗೆ ಗೊತ್ತಿಲ್ಲ. ಇಪ್ಪತ್ತು ಮಾರು ಅಷ್ಟೆಯ. ಹಳೇದಾಗಿದ್ರೆ ಸದ್ದು ಕೇಳ್ಕಂಡು ಅದೇ ಅತ್ಲಾಗೆ ವೋಗದು."

ಹಿಂದಕ್ಕೆ ಹೆಜ್ಜೆಯಿಟ್ಟು, ಹಾಲಿನ ಗಾಡಿ ಬರುವ ತನಕ ಮರದ ಮರೆಯಲ್ಲಿ ನಿಂತಿದ್ದರಂತೆ.

"ಹಳೇ ಡಬ್ಬಿ ಇದ್ದಾಗ ಹೆದರಿಕೆ ಆಗ್ತಿರ್ಲಿಲ್ವಾ?" ಎಂದಳು ಮಗಳು.

"ದಿನಾ ಆಯ್ತದೆ ಮಗ. ಎದ್ರುಕೊಂಡೇ ಬತ್ತೀನಿ. ಅದ್ಕೇ ಅಲ್ವಾ ಸದ್ದು ಮಾಡ್ಕಂಡು ಬರದು? ನಿಮ್ಮವ್ವ ಇಲ್ಲಿ ಪಾತ್ರೆ ಗುಡ್ಡೆ ಆಕ್ಕೊಂಡು ಕಾಯ್ತಿರ್ತಾರಲ್ಲ."

ನನ್ನ ನಿಘಂಟು ಬ್ರೇವ್ಲಿ ಎಂದರೆ ನಿರ್ಭೀತಿಯಿಂದ ಎನ್ನುತ್ತದೆ. ಅದನ್ನು ಬರೆದವರು ಆ ತಿರುವಿನಲ್ಲಿ ನಡೆದವರಲ್ಲವೆಂದು ಕಾಣುತ್ತದೆ. ಇಲ್ಲಿ ಭೀತಿಯೇ ಚಮಚವಾಗಿ ಡಬ್ಬಿಯೊಳಗೆ ಕುಳಿತು ದಿನವೂ ಜೊತೆಗೆ ಬರುತ್ತಿತ್ತು. ಕರ್ಕಶವೆಂದು ನಾನು ಬಾಯಿ ಮುಚ್ಚಿಸಿದ್ದು ಅದನ್ನೇ. ಈಗ ನನಗೂ ಒಂದು ಧೈರ್ಯದ ಕೆಲಸ ಬಂದೊದಗಿತು. ಹೆದರಿಕೊಂಡೇ ಹೇಳಿದೆ: "ಕೆಂಪಮ್ಮ, ಆ ಡಬ್ಬಿ ನಿಮಗೋಸ್ಕರ ಕೊಟ್ಟಿದ್ದಲ್ಲ. ಸದ್ದು ತಡೆಯಕ್ಕಾಗದೆ ಕೊಟ್ಟೆ."

"ಗೊತ್ತಿತ್ತು ಬುಡಿ," ಎಂದು ಲೋಟ ಕೆಳಗಿಟ್ಟರು.

ಮಗಳು ವರ್ಕ್‌ಶೀಟಿನಲ್ಲಿ ಸಿಪಾಯಿಯ ಜಾಗದಲ್ಲಿ ಕೆಂಪಮ್ಮನನ್ನು 'ಬ್ರೇವ್ಲಿ' ನಡೆಸಿದಳು. ಮರುದಿನ ಬೆಳಿಗ್ಗೆ ನನ್ನ ಕಿವಿ ಗೇಟಿನಲ್ಲೇ ಇತ್ತು. ಲೊಟಲೊಟ ಕೇಳಿಸುವಷ್ಟರಲ್ಲಿ ಅರ್ಧ ಪಾತ್ರೆಗಳನ್ನು ನಾನೇ ತೊಳೆದಿಟ್ಟಿದ್ದೆ.