ನಿಂತೇ ಅಭ್ಯಾಸವಾದವನು

ವಡಾಲದ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯಲ್ಲಿದ್ದವನು ಹಗಲು ಉಡುಪಿ ಹೋಟೆಲಿನಲ್ಲಿ ಸಪ್ಲೈ ಮಾಡುತ್ತ, ರಾತ್ರಿ ಶಾಲೆಯಲ್ಲಿ ಓದಿ ಮೆಟ್ರಿಕ್ ಪಾಸಾಗಿದ್ದ. ನಮ್ಮಲ್ಲಿಗೆ ಬಂದರೆ ಕೂರುತ್ತಲೇ ಇರಲಿಲ್ಲ. ಗೋಡೆಗೊರಗಿ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ, "ನಿಂತೇ ಅಭ್ಯಾಸ ಮಾರಾಯ" ಎನ್ನುತ್ತಿದ್ದ.

ಬಂದರಿನ ಕಡೆಯ ಕಂಪನಿಯಲ್ಲಿ ಖಾಲಿಯಿದ್ದ ಒಂದೇ ಗುಮಾಸ್ತನ ಕೆಲಸಕ್ಕೆ ಇಬ್ಬರೂ ಅರ್ಜಿ ಹಾಕಿದೆವು. ಇಂಗ್ಲಿಷಿನಲ್ಲಿ, ಟೈಪಿಂಗಿನಲ್ಲಿ ಅವನೇ ನನಗಿಂತ ಚುರುಕು. ಸಾಹೇಬರ ಎದುರು ಕೂರುವುದನ್ನು ಮಾತ್ರ ನಾನು ಕಲಿಸಬೇಕಾಯಿತು. ವಾರವಿಡೀ ನಮ್ಮ ಮನೆಯ ಕುರ್ಚಿಯಲ್ಲಿ ಕೂರಿಸಿದೆ. ಬಾಗಿಲಲ್ಲಿ ಯಾರ ಚಪ್ಪಲಿ ಸದ್ದಾದರೂ ಎದ್ದುಬಿಡುತ್ತಿದ್ದ. "ಕೂತ್ಕೊಳ್ಳೋ!" ಎಂದು ರೇಗುತ್ತಿದ್ದೆ.

ಇಂಟರ್‌ವ್ಯೂ ದಿನ ಮೊದಲು ಅವನನ್ನು ಕರೆದರು. ಹೊರಗಿನ ಬೆಂಚಿನಲ್ಲಿ ನಾನು ಕಾಲು ಕುಣಿಸುತ್ತ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಅವನು ಖಾಲಿ ಗ್ಲಾಸು ಹಿಡಿದು ಹೊರಬಂದ. ಮೂಲೆಯ ಹೂಜಿಯಿಂದ ನೀರು ತುಂಬಿಸಿಕೊಂಡು ಮತ್ತೆ ಒಳಗೆ ಹೋದ. ಒಳಗಿನಿಂದ ನಗು ಕೇಳಿಸಿತು. ಮರುಕ್ಷಣವೇ ಬರಿಗೈಯಲ್ಲಿ ಹೊರಬಂದ.

"ಯಾವ ಹೋಟೆಲಿನವ ಅಂತ ಕೇಳಿದ್ರು. ಮತ್ತೆ ಏನೂ ಕೇಳ್ಲಿಲ್ಲ."

"ಅಯ್ಯೋ, ಯಾಕೋ ಎದ್ದೆ?"

"ಸಾಹೇಬ್ರಿಗೆ ಒಂದೇ ಸಮ ಕೆಮ್ಮು. ಗ್ಲಾಸು ನೋಡಿದ್ರೆ ಖಾಲಿ ಉಂಟು. ಹೇಗೆ ಮಾರಾಯ ಕೂತುಕೊಳ್ಳುವುದು?"

ಅಷ್ಟರಲ್ಲಿ ನನ್ನ ಹೆಸರು ಕರೆದರು. ಒಳಗೆ ಹೋಗಿ ಬೆನ್ನು ನೆಟ್ಟಗೆ ಮಾಡಿ ಕೂತೆ. ಮೇಜಿನ ಕೆಳಗೆ ಕಾಲು ಕುಣಿಯುತ್ತಲೇ ಇತ್ತು. ಅವನು ತಂದಿಟ್ಟ ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತ ಸಾಹೇಬರು, ಸೋಮವಾರದಿಂದ ಬಾ ಎಂದರು.