ಕ್ಯಾಚರನ ಮನೆಯ ಮೇಲಿನ ಮಹಡಿ

ಅಮೆರಿಕದ ಹ್ಯಾರಿಸನ್ ಎಂಬ ಊರಿನ ಬಾಡಿಗೆ ಮನೆಯ ಬೀಗದಕೈಯನ್ನು ಮಾಲೀಕ ನನಗೆ ಎಡಗೈಯಲ್ಲಿ ಕೊಟ್ಟ. ಬಲಗೈಯನ್ನು ಬೆನ್ನ ಹಿಂದೆ ಮಡಚಿ ಇಟ್ಟುಕೊಂಡಿದ್ದ. ಕೈಕುಲುಕಲು ನನ್ನ ಗಂಡ ಇಮ್ತಿಯಾಜ್ ಚಾಚಿದ ಕೈ ಹಾಗೇ ಗಾಳಿಯಲ್ಲಿ ಉಳಿಯಿತು. ಮೈಸೂರಿನಲ್ಲಿ ನಾವು ಭಿಕ್ಷುಕನಿಗೂ ಎಡಗೈಯಲ್ಲಿ ಕಾಸು ಹಾಕುವುದಿಲ್ಲ. ನನ್ನ ತಲೆಯ ಮೇಲಿನ ದುಪಟ್ಟಾ ನೋಡಿಯೇ ಈ ಮುದುಕ ಹೀಗೆ ಮಾಡಿದ ಎಂದು, ಮೆಟ್ಟಿಲು ಹತ್ತುವ ಮೊದಲೇ ನಾನು ತೀರ್ಮಾನಿಸಿಬಿಟ್ಟೆ.

ಅವನ ಹೆಸರು ಫ್ರಾಂಕ್. ಎಪ್ಪತ್ತು ದಾಟಿತ್ತು. ಹೆಂಡತಿ ತೀರಿಕೊಂಡಿದ್ದಳು. ಕೆಳಗೆ ಅವನು, ಮೇಲೆ ನಾವು. ಇಮ್ತಿಯಾಜ್‌ಗೆ ಮ್ಯಾನ್‌ಹಟನ್ನಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ರೈಲು ಹತ್ತಿರವೆಂದು ಆ ಊರು ಹಿಡಿದಿದ್ದೆವು. ಬ್ಯಾಂಕುಗಳು ಒಂದರ ಹಿಂದೊಂದು ಮುಳುಗುತ್ತಿದ್ದ ವರ್ಷ ಅದು. ನಾವು ಮನೆ ಹೊಕ್ಕು ಮೂರು ತಿಂಗಳಾಗುವಷ್ಟರಲ್ಲಿ ಇಮ್ತಿಯಾಜನ ಆಫೀಸು ಬಾಗಿಲು ಹಾಕಿತು. ನಮ್ಮನ್ನು ಗ್ರೀನ್ ಕಾರ್ಡಿನ ಮೇಲೆ ಕರೆಸಿಕೊಂಡಿದ್ದ ಭಾವನವರದೇ ಐಸೆಲಿನ್ ಎಂಬ ಊರಿನಲ್ಲಿ ಸೀರೆ ಅಂಗಡಿ ಇತ್ತು. ಇಮ್ತಿಯಾಜ್ ಅಲ್ಲಿ ಸೀರೆ ಮಡಚಲು ನಿಂತ. ನಾನು ಮೈಸೂರಿನಲ್ಲಿ ಒಂಬತ್ತು ವರ್ಷ ಫಿಸಿಯೋಥೆರಪಿಸ್ಟ್ ಆಗಿದ್ದವಳು. ಇಲ್ಲಿ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯುವವರೆಗೆ ಯಾರೂ ಅಲ್ಲ.

ಮೈಸೂರಿನ ನಮ್ಮ ಮಂಡಿ ಮೊಹಲ್ಲಾದಲ್ಲಿ ಪಕ್ಕದ ಮನೆಯ ಜಗಳ, ಸಾರು, ಮದುವೆ ಮಾತುಕತೆ ಎಲ್ಲವೂ ಗೋಡೆ ದಾಟಿ ಬರುತ್ತಿದ್ದವು. ಅದನ್ನು ಯಾರೂ ಕದ್ದು ಕೇಳುವುದು ಎನ್ನುತ್ತಿರಲಿಲ್ಲ. ಇಲ್ಲಿ ಮರದ ನೆಲದ ಮೇಲೆ ನಾನೊಂದು ಹೆಜ್ಜೆ ಇಟ್ಟರೆ ಕೆಳಗೆ ಟಿ.ವಿ.ಯ ಸದ್ದು ನಿಲ್ಲುತ್ತಿತ್ತು. ಒಗ್ಗರಣೆಯ ಹೊಗೆಗೆ ಸೂರಿನ ಅಲಾರಂ ಕಿರುಚಿದರೆ ಫ್ರಾಂಕ್ ಮೆಟ್ಟಿಲ ಬುಡದಲ್ಲಿ ಬಂದು ನಿಲ್ಲುತ್ತಿದ್ದ. ಏನೂ ಕೇಳುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದ. ನಮ್ಮ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು, ಎಲ್ಲಕ್ಕೂ ಅವನ ಕಿಟಕಿಯ ಪರದೆ ಅಲುಗುತ್ತಿತ್ತು. ಐಸೆಲಿನ್ನಿನ ದಿನಸಿ ಅಂಗಡಿಯಲ್ಲಿ ಪರಿಚಯವಾದ ನಾಗರಾಜ್ ಅಂಕಲ್‌ಗೆ ಇದನ್ನು ಹೇಳಿದೆ. ಅವರು ನಂಜನಗೂಡಿನವರು, ಬಂದು ಇಪ್ಪತ್ತು ವರ್ಷವಾಗಿತ್ತು. "ಇಲ್ಲಿ ಯಾರನ್ನೂ ಪೂರ್ತಿ ನಂಬಬೇಡಮ್ಮ. ಲೀಸ್ ಪೇಪರ್ ಭದ್ರವಾಗಿ ಇಟ್ಕೊ. ಎಲ್ಲದಕ್ಕೂ ಒಂದು ಫೋಟೋ ತೆಗ್ದಿಟ್ಕೊ," ಎಂದರು. ನಾನು ಹಾಗೆಯೇ ಮಾಡಿದೆ. ಗೋಡೆಯ ಗೀರುಗಳ ಫೋಟೋ ಕೂಡ ತೆಗೆದಿಟ್ಟೆ.

ಚಳಿಗಾಲದಲ್ಲಿ ಫ್ರಾಂಕನ ಮಗಳು ಕ್ಯಾರಲ್ ಮೇಲೆ ಬಂದಳು. ಅವಳ ಮನೆ ಎರಡು ಗಂಟೆಯ ದಾರಿ. ಗಂಡನ ಕೆಲಸ ಹೋಗಿ ಅವಳೊಬ್ಬಳೇ ಎರಡು ಕಡೆ ದುಡಿಯುತ್ತಿದ್ದಳು. ಅಪ್ಪನ ಮಂಡಿ ಎರಡೂ ಸವೆದಿವೆ, ದಿನಕ್ಕೆ ಎರಡು ಗಂಟೆ ಬಂದು ನಡೆದಾಡಿಸುತ್ತೀಯಾ, ಸಂಬಳ ಕೊಡುತ್ತೇನೆ ಎಂದಳು. ಇಷ್ಟು ಜನರಿರುವಾಗ ನನ್ನನ್ನೇ ಏಕೆ ಕೇಳುತ್ತಾಳೆ ಎಂಬ ಅನುಮಾನ ಬಂದರೂ ಒಪ್ಪಿಕೊಂಡೆ.

ಮೊದಲ ದಿನವೇ ಫ್ರಾಂಕ್ ತಾನು ಬೇಸ್‌ಬಾಲ್ ಆಡಿ ಬದುಕಿದವನು, ಕ್ಯಾಚರ್ ಆಗಿದ್ದೆ ಎಂದ. ನಮ್ಮ ಕ್ರಿಕೆಟ್ಟಿನ ವಿಕೆಟ್ ಕೀಪರ್ ಇದ್ದಂತೆ ಅಲ್ಲಿ ಕ್ಯಾಚರ್. ಬ್ಯಾಟ್ಸ್‌ಮನ್ನನ ಬೆನ್ನಿಗೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವವನು. ಹನ್ನೊಂದು ವರ್ಷ ಚಿಕ್ಕ ಊರುಗಳ ತಂಡಗಳಲ್ಲಿ ಬಸ್ಸಿನಲ್ಲಿ ಅಲೆದಾಟ. ಒಂದು ಬೇಸಿಗೆಯಲ್ಲಿ ಮಾತ್ರ, ದೊಡ್ಡ ತಂಡದ ಕ್ಯಾಚರ್ ಗಾಯಗೊಂಡಿದ್ದಾಗ, ಇಪ್ಪತ್ತೆರಡು ದಿನ ದೊಡ್ಡ ಮೈದಾನ. ಆಮೇಲೆ ಮೂವತ್ತು ವರ್ಷ ಶಾಲೆಯ ಬಸ್ ಓಡಿಸಿದ್ದ. ಬಸ್ಸಿನ ಮಾತನ್ನು ನಂಬಿದೆ. ಉಳಿದದ್ದು ಒಂಟಿ ಮುದುಕನ ಬಡಾಯಿ ಎಂದುಕೊಂಡೆ. ಗೋಡೆಯ ಮೇಲೆ ಒಂದು ಫೋಟೋ ಕೂಡ ಇರಲಿಲ್ಲ.

ನಂಬಿದ್ದು ಅವನ ಬಲಗೈ ನೋಡಿದ ದಿನ. ವ್ಯಾಯಾಮಕ್ಕೆಂದು ಕೇಳಿದರೆ ಬೆನ್ನ ಹಿಂದಕ್ಕೆ ಎಳೆದುಕೊಂಡ. ನಾನು ಬಿಡಲಿಲ್ಲ. ಕೊನೆಗೆ ಕೊಟ್ಟ. ಹೆಬ್ಬೆರಳು ಬುಡದಲ್ಲೇ ಹೊರಳಿತ್ತು, ನಡುಬೆರಳು ಒಂದು ಕಡೆಗೆ, ಉಂಗುರದ ಬೆರಳು ಇನ್ನೊಂದು ಕಡೆಗೆ. ಮೈಸೂರಿನ ಕ್ಲಬ್ಬೊಂದಕ್ಕೆ ಕೀಪಿಂಗ್ ಮಾಡುತ್ತಿದ್ದ ನಮ್ಮ ಅಬ್ಬಾನ ಬೆರಳುಗಳು ಹೀಗೇ ಇದ್ದವು. ಆದರೆ ಅಬ್ಬಾ ಎರಡೂ ಕೈಗೆ ಗ್ಲೌಸ್ ಹಾಕುತ್ತಿದ್ದರು. ಕ್ಯಾಚರ್‌ಗೆ ಎಡಗೈಗೊಂದೇ, ಅದನ್ನು ಮಿಟ್ ಎನ್ನುತ್ತಾರೆ, ತಟ್ಟೆಯಷ್ಟಗಲದ ಚರ್ಮದ ಗ್ಲೌಸು. ಬರಿಗೈಯಾದ ಬಲಗೈಗೆ ಬ್ಯಾಟ್ ಸವರಿದ ಚೆಂಡು ಬಡಿಯದಿರಲೆಂದು ಬೆನ್ನ ಹಿಂದೆ ಬಚ್ಚಿಡುವುದನ್ನು ಕಲಿಯುತ್ತಾರೆ. "ಅಭ್ಯಾಸವಾಗಿಬಿಟ್ಟಿದೆ. ಚರ್ಚಿನಲ್ಲೂ ಹೀಗೇ ನಿಲ್ಲುತ್ತೇನೆ," ಎಂದ ಫ್ರಾಂಕ್. ನನಗೆ ಮುಖ ಎತ್ತಲಾಗಲಿಲ್ಲ.

ಆ ಆಟದಲ್ಲಿ ಎಲ್ಲರೂ ಒಳಮುಖವಾಗಿ ನಿಂತಿರುತ್ತಾರಂತೆ, ಕ್ಯಾಚರ್ ಒಬ್ಬನೇ ಹೊರಮುಖವಾಗಿ. ಎಂಥ ಚೆಂಡು ಎಸೆಯಬೇಕೆಂದು ಎಸೆಯುವವನಿಗೆ ತೊಡೆಗಳ ಮಧ್ಯೆ ಬೆರಳು ತೋರಿಸಿ ಸನ್ನೆ ಮಾಡಬೇಕು. ಎದುರಾಳಿಗಳು ಆ ಸನ್ನೆಯನ್ನು ಕದಿಯಲು ಕಾದಿರುತ್ತಾರೆ. ಹನ್ನೊಂದು ವರ್ಷ ಪ್ರತಿಯೊಬ್ಬನ ಕಣ್ಣು ಎಲ್ಲಿ ಓಡುತ್ತಿದೆ ಎಂದು ನೋಡುವುದೇ ತನ್ನ ಕೆಲಸವಾಗಿತ್ತು ಎಂದ. ಕಿಟಕಿಯ ಪರದೆ ಏಕೆ ಅಲುಗುತ್ತದೆಂದು ಆಗ ಅರ್ಥವಾಯಿತು ಎಂದುಕೊಂಡೆ. ಪೂರ್ತಿ ಅರ್ಥವಾಗಿರಲಿಲ್ಲ. ಅವನು ಬೆಳಿಗ್ಗೆ ಹೇಳಿದ್ದನ್ನೇ ಮಧ್ಯಾಹ್ನ ಮತ್ತೆ ಹೇಳುತ್ತಿದ್ದ. ಟಿ.ವಿ. ರಿಮೋಟನ್ನು ನಾನು ಬಚ್ಚಿಟ್ಟೆ ಎನ್ನುತ್ತಿದ್ದ. ವಯಸ್ಸು ಎಂದು ಬಿಟ್ಟಿದ್ದೆ.

ವಸಂತದ ಒಂದು ಭಾನುವಾರ ಕೆಳಗೆ ಗಲಾಟೆ ಕೇಳಿ ಇಳಿದು ಹೋದರೆ, ಪೊಲೀಸ್ ಅಧಿಕಾರಿಯೊಬ್ಬ ನಿಂತಿದ್ದ. ಫ್ರಾಂಕ್ ತಾನೇ ಫೋನ್ ಮಾಡಿ ಕರೆಸಿದ್ದ. ಅಪ್ಪನನ್ನು ನೋಡಲು ಬಂದಿದ್ದ ಕ್ಯಾರಲ್ ಪಕ್ಕದಲ್ಲಿದ್ದಳು. ಫ್ರಾಂಕ್ ನನ್ನತ್ತ ಎಡಗೈ ತೋರಿಸಿ, "ಇವಳೇ. ನನ್ನ ಮಿಟ್ ಕದ್ದಿದ್ದಾಳೆ," ಎಂದ.

ದೊಡ್ಡ ತಂಡದಲ್ಲಿ ಆಡಿದಾಗಿನ ಮಿಟ್ ಅದು. ಅಲಮಾರಿನ ಮೇಲಿತ್ತು, ನಾನೂ ನೋಡಿದ್ದೆ. ಈಗ ಇರಲಿಲ್ಲ. ಒಂದು ಕೇಸು ಬಿದ್ದರೆ ಲೈಸೆನ್ಸ್, ಗ್ರೀನ್ ಕಾರ್ಡ್ ಎಲ್ಲವೂ ಹೋಯಿತೆಂದೇ ತಲೆಯಲ್ಲಿ. ಮೇಲೆ ನಿಮ್ಮ ಮನೆಯಲ್ಲಿ ಒಮ್ಮೆ ನೋಡಿಬಿಟ್ಟರೆ ಅಪ್ಪನಿಗೆ ಸಮಾಧಾನವಾಗುತ್ತದೆ ಎಂದಳು ಕ್ಯಾರಲ್. ಒಪ್ಪಲೇಬೇಕೆಂದಿಲ್ಲ ಎಂದು ಅಧಿಕಾರಿ ಮೆಲ್ಲಗೆ ನನಗೆ ಹೇಳಿದ. ಒಪ್ಪದಿದ್ದರೆ ಕದ್ದಿದ್ದೇನೆಂದು ಆಯಿತಲ್ಲ. ಚಪ್ಪಲಿ ಬಿಟ್ಟು ಬನ್ನಿ ಎಂದಷ್ಟೇ ಹೇಳಿದೆ. ಕ್ಯಾರಲ್ ಮಂಚದ ಕೆಳಗೆ ನೋಡಿದಳು, ಬೀರು ನೋಡಿದಳು. ಅಡುಗೆಮನೆಯಲ್ಲಿ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದಳು. ಆ ಮುಚ್ಚಳದ ಸದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಏನೂ ಸಿಗದೆ ಅವರು ಹೊರಟರು.

ಕೆಲಸ ಬಿಟ್ಟರೆ ತಪ್ಪು ಒಪ್ಪಿಕೊಂಡಂತೆ ಎಂದು ಸೋಮವಾರ ಮತ್ತೆ ಕೆಳಗಿಳಿದೆ. ಮಂಗಳವಾರ ಫ್ರಾಂಕನ ಹಾಸಿಗೆಯ ಹೊದಿಕೆ ಬದಲಿಸುವಾಗ ಕೈಗೆ ಉಬ್ಬೊಂದು ತಗುಲಿತು. ಹಾಸಿಗೆ ಎತ್ತಿದೆ. ಮಿಟ್! ನಡುವೆ ಒಂದು ಚೆಂಡು ಇಟ್ಟು, ಸೊಂಟದ ಬೆಲ್ಟಿನಿಂದ ಬಿಗಿದು ಕಟ್ಟಿತ್ತು. ಹೊಸ ಚರ್ಮ ಕೈಗೆ ಒಗ್ಗಲೆಂದು ಹುಡುಗರು ಹಾಗೆ ಹಾಸಿಗೆಯಡಿ ಇಟ್ಟು ಮಲಗುತ್ತಾರೆಂದು ಅವನೇ ಒಮ್ಮೆ ಹೇಳಿದ್ದ. ನಾನು ಅದನ್ನು ಮುಟ್ಟಲಿಲ್ಲ. ಹಾಸಿಗೆ ಇಳಿಸಿ, ಕ್ಯಾರಲ್‌ಗೆ ಫೋನ್ ಮಾಡಿ ಬರಲು ಹೇಳಿದೆ.

ಸಂಜೆ ಬಂದವಳಿಗೆ, "ನೀನೇ ಎತ್ತಿ ನೋಡು," ಎಂದೆ. ನೋಡಿದಳು.

"ನೀನೇ ತೆಗೆದು ಅವನ ಕೈಗೆ ಕೊಡಬಹುದಿತ್ತು," ಎಂದಳು.

"ಕೊಟ್ಟಿದ್ದರೆ ನೀನು ನಂಬುತ್ತಿದ್ದೆಯಾ?"

"ಇಲ್ಲ," ಎಂದಳು ಕ್ಯಾರಲ್.

ಈ ದೇಶದಲ್ಲಿ ನನಗೆ ಯಾರೋ ಆಡಿದ ಮೊದಲ ನಿಜವಾದ ಮಾತು ಅದು. ನಾವಿಬ್ಬರೂ ಆ ಮಂಚದ ಅಂಚಿನಲ್ಲೇ ಕೂತು ಬೇರೆ ಯಾವುದೋ ವಿಷಯ ಮಾತಾಡಿದೆವು. ಮಿಟ್ ಕೈಗೆ ಬಂದಾಗ ಫ್ರಾಂಕ್ ಅದನ್ನು ಮೂಸಿ, ಬೆರಳು ತೂರಿಸಿಕೊಂಡ. ಕ್ಷಮೆ ಕೇಳಲಿಲ್ಲ. ದೂರು ಕೊಟ್ಟದ್ದೇ ಅವನಿಗೆ ನೆನಪಿರಲಿಲ್ಲ.

ನಾನೇ ಒತ್ತಾಯಿಸಿ ಡಾಕ್ಟರರ ಬಳಿ ಕಳಿಸಿದೆ. ಆಡುವಾಗ ಹಾಕುತ್ತಿದ್ದ ಮುಖವಾಡಕ್ಕೆ ಬಡಿದ ಅಷ್ಟೂ ವರ್ಷಗಳ ಚೆಂಡುಗಳು ಈ ಮರೆವಿನ ಕಾಯಿಲೆಗೆ ಕಾರಣವಿರಬಹುದು, ಖಚಿತವಾಗಿ ಹೇಳಲಾಗದು ಎಂದರಂತೆ. ಕ್ಯಾರಲ್ ಮನೆ ಮಾರಲು ಹೊರಟರೆ ಕೊಳ್ಳುವವರೇ ಇರಲಿಲ್ಲ, ಹಾಗಾಗಿ ಇನ್ನೂ ಒಂದು ವರ್ಷ ಅವನು ಕೆಳಗೆ, ನಾವು ಮೇಲೆ. ಆಮೇಲೆ ಅವನು ವೃದ್ಧಾಶ್ರಮಕ್ಕೆ ಹೋದ. ನನಗೆ ಲೈಸೆನ್ಸ್ ಬಂತು. ನಾವು ಕೆಂಡಲ್ ಪಾರ್ಕ್ ಎಂಬ ಊರಿಗೆ ಬಂದೆವು. ತಿಂಗಳಿಗೊಮ್ಮೆ ಡ್ರೈವ್ ಮಾಡಿಕೊಂಡು ಹೋಗಿ ಅವನ ಬಲಗೈ ನೀವಿ ಬರುತ್ತಿದ್ದೆ. ನಾನು ಯಾರೆಂದು ಅವನಿಗೆ ತಿಳಿಯುತ್ತಿರಲಿಲ್ಲ. ನಾನು ಹೊರಟ ಮೇಲೆ ಕಾಲುಚೀಲಗಳೆಲ್ಲ ಇವೆಯೇ ಎಂದು ಎಣಿಸಿಕೊಳ್ಳುತ್ತಾನೆಂದು ನರ್ಸ್ ನಕ್ಕು ಹೇಳುತ್ತಿದ್ದಳು. ಅಲ್ಲಿನ ಎರಡನೆಯ ಚಳಿಗಾಲದಲ್ಲಿ ತೀರಿಕೊಂಡ.

ಮುಂದಿನ ಬೇಸಿಗೆಯಲ್ಲಿ ಮೊದಲ ಸಲ ಮೈಸೂರಿಗೆ ಹೋದೆ. ಪಕ್ಕದ ಮನೆಯ ಜಯಮ್ಮ, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು, ಯಾವತ್ತಿನಂತೆ ನೇರವಾಗಿ ಒಳಗೆ ಬಂದರು. ಅಮೆರಿಕದಿಂದ ಏನು ತಂದಿದ್ದೇನೆಂದು ಮಂಚದ ಮೇಲಿನ ನನ್ನ ಸೂಟ್‌ಕೇಸಿಗೆ ಕೈ ಹಾಕಿದರು. ನಾನು ಎದ್ದು ಬಂದು ಮುಚ್ಚಳ ಹಾಕಿಬಿಟ್ಟೆ. ಪಾಸ್‌ಪೋರ್ಟ್ ಇತ್ತು, ಅಷ್ಟೇ. ಆದರೆ ಅವರು ಕೈ ಹಿಂದಕ್ಕೆ ತೆಗೆದುಕೊಂಡ ರೀತಿ ನೋಡಿದೆ.

"ಏನೂ ತಗಳಾಕಿಲ್ಲ ಕಣವ್ವ," ಎಂದರು, ನಗುತ್ತಲೇ.

ಅಪ್ಪಿಕೊಂಡೆ, ತಪ್ಪಾಯಿತು ಎಂದೆ, ಸೀರೆ ಕೊಟ್ಟೆ. ಎಲ್ಲವನ್ನೂ ಒಪ್ಪಿಕೊಂಡರು. ಮಾರನೆಯ ದಿನ ಬೆಳಿಗ್ಗೆ ಸೊಪ್ಪು ಹಿಡಿದು ಬಂದ ಜಯಮ್ಮ ಹೊಸಿಲ ಆಚೆಯೇ ನಿಂತು, "ಒಳಕ್ ಬರ್ಲಾ?" ಎಂದು ಕೇಳಿದರು.