ಸುಮ್ಮನಿದ್ದ ಫ್ಲಾಸ್ಕು

ಗೆಳೆಯರೆ, ಬಲಗೈಗೆ ಬ್ಯಾಂಡೇಜು ಕಟ್ಟಿದ್ದಾರೆ. ಎಡಗೈಯಲ್ಲಿ ಬರೆದು ಸ್ಟಾಫ್‌ರೂಮಿನ ಬೋರ್ಡಿಗೆ ಅಂಟಿಸುತ್ತಿದ್ದೇನೆ, ಅಕ್ಷರ ಸೊಟ್ಟಗಿವೆ.

ಇವತ್ತು ನಮ್ಮ ಹಳಿಯಾಳದ ಲ್ಯಾಬಿನಲ್ಲಿ ಸ್ಪಿರಿಟ್ಟು, ನೀರು ಬೆರೆಸಿ ಹೊಸ ಫ್ಲಾಸ್ಕಿನಲ್ಲಿ ಕಾಯಿಸುತ್ತಿದ್ದೆವು. ಕುದಿಯುವ ಶಾಖ ದಾಟಿದರೂ ಒಂದು ಗುಳ್ಳೆಯೂ ಏಳಲಿಲ್ಲ. ನುಣುಪಾದ ಗಾಜಿನಲ್ಲಿ ಗುಳ್ಳೆ ಹುಟ್ಟಲು ಆಸರೆ ಸಿಗುವುದಿಲ್ಲ. ಅದಕ್ಕೇ ಕಾಯಿಸುವ ಮೊದಲು ಒರಟಾದ ಹಂಚಿನ ಚೂರು ಹಾಕುತ್ತೇವೆ. ಇವತ್ತು ಯಾರೂ ಹಾಕಿರಲಿಲ್ಲ.

ಜೊತೆಗಿದ್ದ ಪಾಟೀಲ ಮಾಸ್ತರರು ಚೂರು ಹಿಡಿದು ಫ್ಲಾಸ್ಕಿನ ಮೇಲೆ ಬಗ್ಗಿದರು.

“ಈಗ ಹಾಕಬ್ಯಾಡ್ರಿ, ಎಲ್ಲಾ ಒಮ್ಮೆಲೇ ಕುದ್ದು ಮುಖಕ್ಕ ಸಿಡೀತೈತಿ,” ಎಂದು ಬರ್ನರ್ ಆರಿಸಿ ಅವರಿಗೆ ಕೈ ಅಡ್ಡ ಹಿಡಿದೆ.

“ಸುಮ್ನ ಹೆದರಸ್ತೀರಿ. ನೋಡ್ರಿ, ಎಷ್ಟ್ ತಣ್ಣಗ ಕುಂತೈತಿ.”

“ಮೊದಲ ಹಾಕೋದು ನಿಮ್ಮ ಕೆಲಸ ಇತ್ತಲ್ರಿ?”

“ನಂದ್ಯಾಕ? ಕಾಯಿಸಾಕ ಇಟ್ಟಾವ್ರು ನೀವು.”

ಹುಡುಗರೆದುರೇ ಜಗಳವಾಡಿದೆವು. ಫ್ಲಾಸ್ಕನ್ನು ಯಾರೂ ಮುಟ್ಟಲಿಲ್ಲ. ಅದು ತಾನಾಗಿಯೇ ಒಮ್ಮೆಲೇ ಉಕ್ಕಿ ಸಿಡಿಯಿತು. ಅವರ ಮುಖಕ್ಕೆ ಬೀಳಬೇಕಾದದ್ದು ಇನ್ನೂ ಅಡ್ಡ ಹಿಡಿದಿದ್ದ ನನ್ನ ಕೈ ಮೇಲೆ ಬಿತ್ತು.

ದವಾಖಾನೆಗೆ ಟಾಂಗಾದಲ್ಲಿ ಹೋಗುವಾಗ ಪಾಟೀಲರು ಪಕ್ಕದಲ್ಲೇ ಕೂತಿದ್ದರು. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಅವರು ಅಷ್ಟು ಸುಮ್ಮನಿರುವುದನ್ನು ನೋಡಿ ನಾನು ಸ್ವಲ್ಪ ದೂರ ಸರಿದು ಕೂತೆ.